ಒಂದೇ ಹಾಲು, ಒಂದೇ ತೊಟ್ಟಿಲು, ಒಬ್ಬಳಿಗೆ ಮಾತ್ರ ದದ್ದು

ಅಲ್ಲ ಕಣೇ ಸಿಂಧು, ಮಗೀಗೆ ಕುಂಡಿ ಬೆಂದ್ರೆ ನೀನ್ಯಾಕೆ ಬದನೇಕಾಯಿ ಬಿಡ್ಬೇಕು, ನಂಗದೇ ಆಶ್ಚರ್ಯ. ನನ್ ಕಾಲ್ದಲ್ಲೂ ಇದೇ ಆಗಿದ್ದು, ಕೇಳಿಲ್ಲಿ. ನಿಮ್ಮಮ್ಮ, ನಿನ್ ಚಿಕ್ಕಮ್ಮ ಅವಳಿ ಹುಟ್ಟಿದ್ರಲ್ಲ, ಆಗ ನಮ್ಮವ್ವ ತೀರ್ಕೊಂಡಿದ್ಲು, ತವರು ಅಂತ ಅರಸೀಕೆರೆಗೆ ಹೋದ್ರೆ ನೋಡ್ಕೊಳ್ಳೋಕೆ ಯಾರಿದ್ರು, ಬಾಣಂತನ ಹಗರೆ ಊರಲ್ಲೇ, ಅತ್ತೆ ಮನೇಲೇ. ನಾಕು ಹಸ ಕರೀತಿದ್ವು, ಅಲ್ಲಲ್ಲ, ಮೂರು, ಒಂದು ಗಬ್ಬ ಆಗಿತ್ತು. ತುಪ್ಪ ಬೇಕಾದಷ್ಟು. ಆದ್ರೂ ನಾನು ಹಸ್ಕೊಂಡೇ ಇದ್ದೆ. ಯಾಕೆ ಅಂತೀಯಾ? ನಿಮ್ಮಮ್ಮನ ಕುಂಡಿ, ತೊಡೆಸಂದಿ ಎಲ್ಲಾ ಕೆಂಪಗೆ ಬೆಂದಂಗೆ ಆಗೋಯ್ತು. ನಮ್ಮತ್ತೆ ನೋಡಿದ್ರು, “ಉಷ್ಣ ಕಣಮ್ಮಿ, ನೀನ್ ತಿಂದದ್ದೇ ಹಾಲಲ್ಲಿ ಇಳೀತಾ ಐತೆ” ಅಂದ್ರು. ಕೊಬ್ಬರಿ ಬೆಲ್ಲ ನಿಲ್ತು. ದದ್ದು ಹೋಗ್ಲಿಲ್ಲ, ತೊಗರಿಬೇಳೆ ನಿಲ್ತು. ಆಗ್ಲೂ ಹೋಗ್ಲಿಲ್ಲ, ತುಪ್ಪಾನೂ ನಿಲ್ತು. ಕೊನೆಗೆ ಬರೀ ಅನ್ನ, ಮೆಣಸಿನ ಸಾರು. ಮೆಣಸು ಮಾತ್ರ ಉಷ್ಣ ಅಲ್ವಂತೆ, ನೋಡು ಹೆಂಗೈತೆ. ಕೆಟ್ಟೋರಲ್ಲ ನಮ್ಮತ್ತೆ, ಅವ್ರ ಅತ್ತೇನೂ ಅವ್ರಿಗೆ ಹಂಗೇ ಮಾಡಿದ್ರಂತೆ. ನಾನೂ ಬಾಯಿ ಬಿಡ್ಲಿಲ್ಲ. ಎರಡು ಮಕ್ಕಳಿಗೆ ಕುಡಿಸೋಳು, ಅನ್ನ ಸಾರಲ್ಲಿ ಎಷ್ಟು ದಿನ ಬಂದೀತು, ಹಾಲು ಕಮ್ಮಿ ಆಗ್ತಾ ಬಂತು. ಭಯ ಆಗೋಯ್ತು ನಂಗೆ.

ಆಮೇಲೆ ಒಂದಿನ ತಲೇಲಿ ಹುಳ ಬಿಟ್ಕೊಂಡಂಗೆ ಆಯ್ತು. ಇಬ್ರಿಗೂ ಹಾಲು ನಂದೇ. ತೊಟ್ಟಿಲು ಒಂದೇ. ಬಟ್ಟೆನೂ ನಿಮ್ ತಾತನ ಹಳೇ ಪಂಚೆ ಹರ್ದು ಮಾಡಿದ್ದೇ, ಒಂದೇ ಕಲ್ಲಿನ ಮೇಲೆ ಒಗೆಯೋದು. ಮತ್ತೆ ನಿನ್ ಚಿಕ್ಕಮ್ಮನ ಕುಂಡಿ ಬೆಣ್ಣೆಯಂಗೈತಲ್ಲ, ನಿಮ್ಮಮ್ಮನಿಗೆ ಮಾತ್ರ ಯಾಕೆ? ಉಷ್ಣ ಏನು ಮಗೀನ ಆರಿಸ್ಕೊಂಡು ಹೋಗ್ತದಾ? ಕೂತು ನೋಡ್ದೆ ಕಣೇ. ಬಾಣಂತಿಗೆ ಬೇರೆ ಕೆಲ್ಸ ಏನಿತ್ತು. ನಿನ್ ಚಿಕ್ಕಮ್ಮ ಒಂದು ತೊಟ್ಟು ಉಚ್ಚೆ ಹೊಯ್ದ್ರೂ ಊರಿಗೇ ಕೇಳಂಗೆ ಕಿರುಚೋಳು, ಯಾರಾದ್ರೂ ಓಡ್ಬಂದು ಬಟ್ಟೆ ಬದಲಾಯ್ಸೋರು. ನಿಮ್ಮಮ್ಮ? ಒದ್ದೇಲೇ ಮಲ್ಗಿ ಸೂರು ನೋಡ್ಕೊಂಡು ಕೈಕಾಲು ಆಡಿಸ್ತಿರೋಳು. ಬಂದೋರೆಲ್ಲಾ “ಎಷ್ಟು ಒಳ್ಳೆ ಮಗು, ತಂಟೇನೇ ಇಲ್ಲ” ಅಂದು ಹೋಗೋರು. ಆ ಒಳ್ಳೆ ಮಗು ಉಚ್ಚೇಲಿ ನೆನೀತಾ ಇತ್ತು.

ಅವತ್ತಿಂದ ಏನ್ ಮಾಡ್ದೆ ಅಂದ್ರೆ, ನಿನ್ ಚಿಕ್ಕಮ್ಮ ಕಿರುಚ್ದಾಗೆಲ್ಲಾ ನಿಮ್ಮಮ್ಮನ ಬಟ್ಟೇನೂ ಮುಟ್ಟಿ ನೋಡೋದು. ಒದ್ದೆ ಇದ್ರೆ ಬಿಚ್ಚೋದು, ಉಗುರುಬೆಚ್ಚಗಿನ ನೀರಲ್ಲಿ ತೊಳ್ಯೋದು, ಉಜ್ಜಬಾರ್ದು, ಮೆತ್ತಗೆ ಒತ್ತಿ ಒತ್ತಿ ಒರ್ಸೋದು. ಸ್ವಲ್ಪ ಹೊತ್ತು ಬೆತ್ಲೆ ಬಿಡೋದು, ಗಾಳಿ ಆಡ್ಲಿ ಅಂತ. ಪೂರ್ತಿ ಒಣಗಿದ್ಮೇಲೆ ತೆಳ್ಳಗೆ ಕೊಬ್ಬರಿ ಎಣ್ಣೆ, ಒದ್ದೆ ಮೇಲಲ್ಲ ಮತ್ತೆ. ಮೊದ್ಲು ಹಾಕ್ತಿದ್ದ ಪೌಡರ್ ಬಿಟ್ಟೇಬಿಟ್ಟೆ, ಸಂದೀಲಿ ಮುದ್ದೆ ಕಟ್ಟೋದು ಅದು. ಬಟ್ಟೆನೂ ಸೋಪು ಹೋಗೋವರ್ಗೂ ಜಾಲಾಡಿ ಬಿಸ್ಲಿಗೆ ಹಾಕೋದು. ಎರಡ್ಮೂರು ದಿನ್ದಲ್ಲಿ ಕೆಂಪು ಇಳೀತು. ಅದು ಬರೀ ಒದ್ದೆ ದದ್ದು, ಇಳೀತು ಅನ್ನು. ಕೀವುಗುಳ್ಳೆ, ಜ್ವರ ಬಂದ್ರೆ, ಇಲ್ಲಾ ಇಷ್ಟೆಲ್ಲಾ ಮಾಡಿದ್ರೂ ಕಮ್ಮಿ ಆಗ್ದಿದ್ರೆ ಡಾಕ್ಟ್ರ ಹತ್ರ ಹೋಗು, ಅಜ್ಜಿ ಹೇಳಿದ್ಲು ಅಂತ ಎಣ್ಣೆ ಮೆತ್ಕೊಂಡು ಕೂತ್ಕೋಬೇಡ.

ಹಾಂ, ಆಮೇಲೆ ಅತ್ತೆ ಬಡ್ಸೋಕೆ ಬಂದ್ರು. ಮಗೀನ ತಿರುಗ್ಸಿ ತೋರ್ಸಿದೆ. “ಬಟ್ಟೆ ಒದ್ದೆ ಆಗಿದ್ದಕ್ಕೆ ಅತ್ತೆ, ತಿಂದಿದ್ದಕ್ಕಲ್ಲ. ನಂಗೆ ಹಸಿವಾಯ್ತದೆ” ಅಂದೆ. ಅಷ್ಟು ಹೇಳೋಕೆ ಅಷ್ಟು ದಿನ ಬೇಕಾಯ್ತು ನೋಡು. ಅತ್ತೆ ಮಗೀನ ನೋಡಿದ್ರು, ನನ್ನ ನೋಡಿದ್ರು. “ಬಾಯಿ ಬಿಟ್ಟು ಹೇಳೋದಲ್ವೇನಮ್ಮಿ. ಸುಮ್ನಿದ್ದೆಯಲ್ಲ, ಸಾಕಾಗ್ತೈತೆ ಅನ್ಕೊಂಡೆ” ಅಂದ್ರು. ಎದ್ದೋಗಿ ಬೇಳೆ ಸಾರು ತಂದು, ಮೇಲೆ ತುಪ್ಪ ಸುರಿದ್ರು. ನಾನು ಅಳ್ತಾ ಅಳ್ತಾ ಉಂಡೆ. ನೀನ್ ಮಗೀಗೆ ಹಾಕೋ ಡೈಪರ್ ಇನ್ನೂ ಮೋಸ ಕಣೇ, ಒಣಗಿದಂಗೇ ಕಾಣ್ತದೆ, ಮಗು ಅಳೋದೇ ಇಲ್ಲ. ಬಿಚ್ಚು, ನೋಡಾನ. ಮಗು ಆಗ್ಲಿ, ಬಾಣಂತಿ ಆಗ್ಲಿ, ಸುಮ್ನಿರೋರ್ನೇ ಮೊದ್ಲು ಮುಟ್ಟಿ ನೋಡ್ಬೇಕು.