ಬೇಲಿಯಾಚೆಯ ಮಳೆ

ಇಂದಿನ ಸಭೆಯ ಅಧ್ಯಕ್ಷತೆ ವಹಿಸಿರುವ, ನಮ್ಮ ತೋಟ ಸಿಬ್ಬಂದಿ ಸಂಘದ ಹಿರಿಯರಾದ ಪ್ರವೀಣ್ ಅವರೇ, ಮೈಸೂರಿನಿಂದ ದಯಮಾಡಿಸಿರುವ ಸಂಶೋಧಕಿ ತೇಜಸ್ವಿನಿ ಮೇಡಂ ಅವರೇ, ಇಂದಿನ ಸನ್ಮಾನಿತರೂ ನನ್ನ ಬಾಲ್ಯದ ಗೆಳೆಯರೂ ಆದ ಮಂಜುನಾಥರೇ, ಬಿಟ್ಟಂಗಾಲದ ಸುತ್ತಲಿನ ತೋಟಗಳ ರೈಟರುಗಳೇ, ಮೇಸ್ತ್ರಿಗಳೇ, ಕೂಲಿ ಲೈನಿನ ಮನೆಗಳಿಂದ ನಡೆದು ಬಂದಿರುವ ತಾಯಂದಿರೇ, ಮುಂದೆ ಚಾಪೆಯ ಮೇಲೆ ಕೂತಿರುವ ಶಾಲೆಯ ಮಕ್ಕಳೇ, ಮತ್ತು ಎಲ್ಲ ಸಭಿಕರೇ. ಯಾರ ಹೆಸರಾದರೂ ಬಿಟ್ಟುಹೋಗಿದ್ದರೆ ಕ್ಷಮಿಸಬೇಕು. ಹೆಸರು ಬಿಟ್ಟುಹೋದರೆ ಹೇಗಿರುತ್ತದೆ ಎಂದು ಈ ಸಭೆಯಲ್ಲಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ನಾನು ಸಣ್ಣಸ್ವಾಮಿ. ಮಂಜುನಾಥರ ತೋಟಕ್ಕೆ ತಾಗಿದ ತೋಟದಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ ರೈಟರ್, ಲೆಕ್ಕ ಬರೆಯುವವನು. ಗೆಳೆಯನ ಬಗ್ಗೆ ಐದು ನಿಮಿಷ ನಾಲ್ಕು ಒಳ್ಳೆಯ ಮಾತಾಡಿ ಎಂದು ಅಧ್ಯಕ್ಷರು ಹೇಳಿದ್ದಾರೆ. ಬರೆದುಕೊಂಡು ಬಂದಿದ್ದೇನೆ. ಹಿಂದೆ ಕೂತವರಿಗೆ ಕೇಳಿಸುತ್ತಿದೆಯೇ? ಕರೆಂಟ್ ಹೋದರೆ ಯಾರೂ ಗಾಬರಿಯಾಗಬೇಡಿ, ಎಲ್ಲರ ಪರವಾಗಿ ನಾನೇ ಗಾಬರಿಯಾಗಿದ್ದೇನೆ.

ಮಂಜುನಾಥರಿಗೆ ಯಾಕೆ ಶಾಲು, ಯಾಕೆ ಹಾರ? ನಮ್ಮ ಹೂಮಳೆಯ ಮೇಲೆ ಮೇಡಂ ಬರೆದ ಲೇಖನ ದೊಡ್ಡ ಸಂಶೋಧನಾ ಪತ್ರಿಕೆಯಲ್ಲಿ ಅಚ್ಚಾಗಿದೆ. ಅದರ ಮೇಲೆ ಮೂರು ಹೆಸರು. ಎರಡು ಡಾಕ್ಟರುಗಳದು. ಮೂರನೆಯದು ಮಂಜುನಾಥರದು. ಆ ಪುಟಕ್ಕೆ ಚೌಕಟ್ಟು ಹಾಕಿಸಿ ಇಲ್ಲಿ ಇಟ್ಟಿದ್ದಾರೆ. ಗಾಜಿನ ಮೇಲೆ ಧೂಳಿದೆ. ಒರೆಸಬಹುದಿತ್ತು.

ಮಕ್ಕಳಿಗೆ ಗೊತ್ತಿರಲಿ. ಪ್ರತಿ ತೋಟದಲ್ಲೂ ಮಳೆ ಅಳೆಯುವ ಡಬ್ಬ ಒಂದಿರುತ್ತದೆ. ಬೆಳಗ್ಗೆ ಎಂಟು ಗಂಟೆಗೆ ಅದರ ನೀರನ್ನು ಗೆರೆ ಹಾಕಿದ ಗ್ಲಾಸಿಗೆ ಸುರಿದು ಪುಸ್ತಕದಲ್ಲಿ ಬರೆಯುತ್ತೇವೆ. ನೂರು ಸೆಂಟ್ ಆದರೆ ಒಂದು ಇಂಚು. ಬೇರೆ ಊರಿನಲ್ಲಿ ಜನ ಎದುರಾದರೆ ಊಟ ಆಯಿತೇ ಎನ್ನುತ್ತಾರಂತೆ. ನಮ್ಮಲ್ಲಿ ನಿಮಗೆಷ್ಟು ಬಂತು ಎನ್ನುತ್ತೇವೆ. ಫೆಬ್ರವರಿ ಕಳೆದ ಮೇಲೆ ಒಂದು ಇಂಚು ಮಳೆ ಬಿದ್ದರೆ ಕಾಫಿ ಹೂವಾಗುತ್ತದೆ, ಅದೇ ಹೂಮಳೆ. ಆ ಮಳೆ ಬೇಲಿಯಾಚೆ ಬಿದ್ದು ಈಚೆ ಬೀಳದಿದ್ದರೆ ಆ ದಿನ ಮನೆಯ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ.

ಮಂಜುನಾಥರೂ ನಾನೂ ಕುಶಾಲನಗರದ ಕಡೆ ಒಂದೇ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು. ಇಬ್ಬರ ಹಿರಿಯರೂ ಹಾಸನದ ಕಡೆಯಿಂದ ಬಂದವರು. ಏಳನೇ ಕ್ಲಾಸಿನಲ್ಲಿ ನಮ್ಮಪ್ಪನಿಗೆ ಕಾಯಿಲೆಯಾಗಿ ನಾನು ಶಾಲೆ ಬಿಟ್ಟೆ. ಎರಡು ವರ್ಷ ಬಿಟ್ಟು ಮತ್ತೆ ಸೇರಿದೆ, ಚಿಕ್ಕವರ ನಡುವೆ ಕೂತೆ, ಮತ್ತೆ ಬಿಟ್ಟೆ. ಮಂಜ ಎಸ್ಸೆಸ್ಸೆಲ್ಸಿ ಪಾಸಾದ. ಪಾಸಾದವನು ಸುಮ್ಮನಿರಬಹುದಿತ್ತು. ಇಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷಕ್ಕೆ ಪಕ್ಕದ ತೋಟದವರಿಗೆ ಹೇಳಿ ನನಗೂ ಕೆಲಸ ಕೊಡಿಸಿದ. ಉಪಕಾರ ಮಾಡಿದವರ ಮೇಲೆ ಹೊಟ್ಟೆಕಿಚ್ಚು ಪಡುವುದು ಬಲು ಕಷ್ಟದ ಕೆಲಸ. ಬಿಡುವೇ ಸಿಗುವುದಿಲ್ಲ.

ಸೇರಿದ ಮೊದಲ ಮಾರ್ಚಿನಲ್ಲಿ ಒಂದು ಬೆಳಗ್ಗೆ ಮಾಲೀಕರು ಎಷ್ಟಪ್ಪಾ ಎಂದರು. ಎಂಬತ್ತು ಸೆಂಟ್ ಎಂದೆ. ಪಕ್ಕದಲ್ಲೆಷ್ಟು ಎಂದರು. ಒಂದು ಇಂಚು ಐದು ಸೆಂಟ್ ಎಂದೆ. ಅವರು ಬೈಯಲಿಲ್ಲ. ನನ್ನ ಮುಖ ನೋಡಿದರು, ನಾನೇ ಮಳೆಯನ್ನು ತಡೆದು ಆಚೆ ಕಳಿಸಿದವನ ಹಾಗೆ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಮುಂದಿನ ಮಳೆಗೆ ಬೇಲಿ ಹತ್ತಿರ ಹೋಗಿ ಮಂಜನನ್ನು ಮೊದಲು ಕೇಳಿದೆ. ಅವನು ನಲವತ್ತು ಎಂದ. ನಾನು ನಲವತ್ತೈದು ಬರೆದೆ.

ಸಭಿಕರೇ, ಇದು ನಾಲ್ಕು ಒಳ್ಳೆಯ ಮಾತಿನಲ್ಲಿ ಇರಲಿಲ್ಲ. ಆದರೆ ಬಾಯಿಗೆ ಬಂದಾಗಿದೆ.

ಮೊದಲು ಬೇಲಿ ಹತ್ತಿರ, ಆಮೇಲೆ ಫೋನಿನಲ್ಲಿ. ಮೊದಲು ಅವನದು ಕೇಳುವುದು, ಆಮೇಲೆ ನನ್ನದು ಬರೆಯುವುದು. ನಮ್ಮಲ್ಲಿ ನಿಜವಾಗಿ ಹೆಚ್ಚು ಬಿದ್ದ ದಿನ ಇದ್ದದ್ದನ್ನೇ ಬರೆದೆ. ಕಡಿಮೆ ಬಿದ್ದ ದಿನ ಅವನದಕ್ಕಿಂತ ಐದೋ ಹತ್ತೋ ಮೇಲೆ. ಮಾಲೀಕರು ನಗುತ್ತಿದ್ದರು. ಯಾರಿಗೆ ನಷ್ಟ? ಕಾಗದದ ಮೇಲಿನ ಐದು ಸೆಂಟಿನಿಂದ ಯಾವ ಗಿಡ ಒಣಗಿತು?

ಕಳೆದ ವರ್ಷ ಹೂಮಳೆ ಮುಗಿದ ಮೇಲೆ ಮೇಡಂ ಬಂದು ಇಬ್ಬರ ಮಳೆ ಪುಸ್ತಕಗಳನ್ನೂ ಫೋಟೋ ತೆಗೆದುಕೊಂಡರು. ಇಬ್ಬರ ಹೆಸರೂ ಲೇಖನದಲ್ಲಿ ಬರುತ್ತದೆ ಎಂದರು. ಮನೆಯಲ್ಲಿ ಹೆಂಡತಿ ರಂಗಮ್ಮನಿಗೆ ಹೇಳಿದೆ. ನನ್ನ ಹೆಸರು ರೇಷನ್ ಕಾರ್ಡಿನಲ್ಲಿ ಮಾತ್ರ ಅಚ್ಚಾಗಿತ್ತು, ಅಲ್ಲೂ ತಪ್ಪಾಗಿ.

ಸಂಶೋಧನಾ ಪತ್ರಿಕೆಯವರು ಬಂದದ್ದನ್ನು ಬಂದ ಹಾಗೆ ಅಚ್ಚು ಹಾಕುವುದಿಲ್ಲ. ಅದೇ ವಿಷಯ ಬಲ್ಲ ಇನ್ನೊಬ್ಬರಿಗೆ ಕಳಿಸುತ್ತಾರೆ. ಅವರು ತಮ್ಮ ಹೆಸರು ಹೇಳದೆ ಓದಿ ತಪ್ಪು ಹುಡುಕುತ್ತಾರೆ. ಅದಕ್ಕೆ ಪರಿಶೀಲನೆ ಎನ್ನುತ್ತಾರೆ ಎಂದು ಮೇಡಂ ವಿವರಿಸಿದಾಗ ನಾನು ನಕ್ಕೆ. ತಪ್ಪು ಹುಡುಕುವವರು ನಮ್ಮೂರಲ್ಲೂ ಬೇಕಾದಷ್ಟಿದ್ದಾರೆ, ಹೆಸರು ಹೇಳಿಯೇ ಹುಡುಕುತ್ತಾರೆ ಎಂದೆ.

ಆ ಹೆಸರಿಲ್ಲದ ಮನುಷ್ಯ ಏನು ಬರೆದರು? ಮೇಡಂ ಕನ್ನಡದಲ್ಲಿ ಓದಿ ಹೇಳಿದ್ದು ನನಗೆ ಬಾಯಿಪಾಠವಾಗಿದೆ. 'ಇಪ್ಪತ್ತೊಂಬತ್ತು ವರ್ಷದಲ್ಲಿ, ಮೊದಲ ಮಾರ್ಚಿನ ಒಂದು ದಿನ ಬಿಟ್ಟರೆ, ಒಂದು ದಿನವೂ ಎರಡನೇ ತೋಟದ ಮಳೆ ಮೊದಲನೇ ತೋಟಕ್ಕಿಂತ ಕಡಿಮೆ ಇಲ್ಲ. ಮೋಡಕ್ಕೆ ಇಷ್ಟು ಪಕ್ಷಪಾತ ಇರುವುದಿಲ್ಲ. ಎರಡರಲ್ಲಿ ಒಂದು ದಾಖಲೆ ಸುಳ್ಳು. ಯಾವುದೆಂದು ತಿಳಿಯುವವರೆಗೆ ಎರಡನ್ನೂ ಒಪ್ಪಲಾಗದು.' ಎರಡನೇ ತೋಟ ಅಂದರೆ ನಮ್ಮದು. ಉತ್ತರ ಕೊಡಲು ಮೂವತ್ತು ದಿನ. ಕೊಡದಿದ್ದರೆ ಲೇಖನ ವಾಪಸ್.

ಎಲ್ಲಿಯೋ ಕೂತವರು, ನನ್ನ ಮುಖ ನೋಡದವರು, ನನ್ನ ಹೊಟ್ಟೆಯೊಳಗಿನದನ್ನು ಅಂಕಿಯಲ್ಲಿ ಓದಿದ್ದರು. ಒಂದು ವಾರ ಬಸ್ಸಿನಲ್ಲಿ ಕನ್ನಡಕ ಹಾಕಿದವರನ್ನೆಲ್ಲ ಅನುಮಾನದಿಂದ ನೋಡಿದೆ. ಮಂಜನೇ ಇರಬಹುದೇ ಎಂದೂ ಯೋಚಿಸಿದೆ. ಅವನಿಗೆ ಅಷ್ಟು ಇಂಗ್ಲಿಷ್ ಬರುವುದಿಲ್ಲ ಎಂದು ನೆನಪಾಗಿ ಸಮಾಧಾನವಾಯಿತು.

ಮೇಡಂ ಮೊದಲು ಅವನನ್ನು ಕೇಳಿದರಂತೆ. ಅವನು, "ನಂದು ನಾನು ನೋಡಿ ಬರ್ದಿದ್ದು. ಅವಂದು ಅವನ್ನೇ ಕೇಳಮ್ಮ," ಎಂದನಂತೆ. ನನ್ನ ಹತ್ತಿರ ಬಂದಾಗ ನಮ್ಮ ಗ್ಲಾಸಿನ ಗೆರೆ ಹೆಚ್ಚುಕಡಿಮೆ ಇರಬಹುದು, ನೋಡುತ್ತೇನೆ ಎಂದೆ. ಇಪ್ಪತ್ತೆರಡು ದಿನ ನೋಡಿದೆ. ಏನು ನೋಡಿದೆ? ಸುಮ್ಮನಿದ್ದರೆ ಎರಡೂ ಪುಸ್ತಕ ಹೋಗುತ್ತವೆ. ನನಗೆ ಹೆಸರಿಲ್ಲ, ಅವನಿಗೂ ಇಲ್ಲ. ಅವನ ಮೂವತ್ತೊಂದು ವರ್ಷದ ಬೆಳಗುಗಳು ನನ್ನ ಬಾಯಿಯಲ್ಲಿದ್ದವು, ನಾನು ಬಾಯಿ ಮುಚ್ಚಿಕೊಂಡಿದ್ದೆ. ಹೇಳಲು ನಾಚಿಕೆ, ಅಷ್ಟು ದಿನ ಅನ್ನ ರುಚಿಯಾಗಿತ್ತು.

ವಿಷಯ ತಿಳಿದ ರಂಗಮ್ಮ ಕೇಳಿದಳು, "ನಿಮ್ದು ಹೋಯ್ತು, ಸರಿ. ಅವ್ರುದನ್ನ ಯಾಕೆ ಹಿಡ್ಕಂಡ್ ಕೂತಿದೀರಿ?" ಛತ್ರಿ ತೆಗೆದುಕೊಂಡು ತೋಟಕ್ಕೆ ಹೊರಟೆ.

ಇಪ್ಪತ್ತಮೂರನೇ ಬೆಳಗ್ಗೆ ಮಳೆಯಾಗಿತ್ತು. ನಾನು ಕೇಳುವ ಮೊದಲೇ ಮಂಜನ ಫೋನ್ ಬಂತು. "ನಮ್ದು ಮೂವತ್ತೆಂಟು ಕಣೋ ಸಣ್ಣ. ನಿಂದು ನೋಡ್ಕಂಡ್ ಬರ್ಕೊ," ಎಂದು ಇಟ್ಟ. ಇಪ್ಪತ್ತೊಂಬತ್ತು ವರ್ಷವೂ ಅವನು ಕೊನೆಗೆ ಹೇಳುತ್ತಿದ್ದುದು ಅದೇ ಮಾತು. ಬೇಲಿ ಹತ್ತಿರವೂ ಅದೇ. ಫೋನಿಡುವಾಗಲೂ ಅದೇ. ನಿಂದು ನೋಡ್ಕಂಡ್ ಬರ್ಕೊ. ಹೋಗಿ ಬರ್ತೀನಿ ಎಂದ ಹಾಗೆ ಎಂದುಕೊಂಡಿದ್ದೆ. ಅವತ್ತು ಡಬ್ಬದ ಮುಂದೆ ನಿಂತಾಗ ಗೊತ್ತಾಯಿತು. ಅವನಿಗೆ ಮೊದಲಿಂದಲೂ ತಿಳಿದಿತ್ತು. ತಿಳಿದೂ ದಿನಾ ತನ್ನ ಅಂಕಿ ಕೊಟ್ಟ, ದಿನಾ ದಾರಿಯನ್ನೂ ಹೇಳಿದ.

ಸುಳ್ಳು ನನ್ನ ಪುಸ್ತಕದ್ದು ಎಂದು ಅವತ್ತೇ ಮೇಡಂಗೆ ಪತ್ರ ಬರೆದೆ. ನಾಲ್ಕು ಸಾಲು, ಹನ್ನೊಂದು ಹಾಳೆ ಹರಿದೆ. ಯಾವ ದಿನದ್ದು ಸುಳ್ಳು ಎಂದು ಗುರುತು ಹಾಕಿಕೊಟ್ಟರೆ ಉಳಿದದ್ದನ್ನಾದರೂ ಇಟ್ಟುಕೊಳ್ಳಬಹುದು ಎಂದರು. ಹಾಕಲು ಕೂತೆ. ಆಗಲಿಲ್ಲ. ಎಲ್ಲ ಒಂದೇ ಶಾಯಿ, ಒಂದೇ ಅಕ್ಷರ. ಯಾವುದು ಡಬ್ಬದ ನೀರು, ಯಾವುದು ನನ್ನ ನೀರು ಎಂದು ನನಗೇ ತಿಳಿಯಲಿಲ್ಲ. ಇಡೀ ಪುಸ್ತಕ ಹೋಯಿತು. ಅವನದು ಉಳಿಯಿತು.

ಇನ್ನೊಂದು ಮಾತು. ಸಣ್ಣಸ್ವಾಮಿಯ ಪುಸ್ತಕ ಗೆದ್ದಲು ತಿಂದು ಹಾಳಾಯಿತು, ಅದಕ್ಕೇ ಹೆಸರು ಬರಲಿಲ್ಲ ಎಂದು ನೀವೆಲ್ಲ ಕೇಳಿದ್ದೀರಿ. ಹೇಳಿದ್ದು ಮಂಜುನಾಥರು. ನನ್ನ ಮಾನ ಉಳಿಸಲು ಹೇಳಿದರು. ಅದನ್ನು ಕೇಳಿದಾಗ ಲೇಖನದ ಸುದ್ದಿ ಕೇಳಿದಾಗಿನದಕ್ಕಿಂತ ಹೆಚ್ಚು ಉರಿ ಬಂತು. ಎಲ್ಲದರಲ್ಲೂ ಇವನೇ ಮೇಲಾಗಬೇಕೇ? ಒಳ್ಳೆಯತನದಲ್ಲೂ ನನಗೆ ಐದು ಸೆಂಟ್ ಬಿಡಬಾರದೇ? ಆದ್ದರಿಂದ ಈ ಸಭೆಯಲ್ಲಿ ಹೇಳುತ್ತಿದ್ದೇನೆ. ನನ್ನ ಪುಸ್ತಕವನ್ನು ಗೆದ್ದಲು ತಿಂದಿಲ್ಲ. ಕಪಾಟಿನಲ್ಲಿ ಪುಟ ಮಡಚದೆ ಇದೆ. ಮೂವತ್ತೊಂದು ವರ್ಷದಲ್ಲಿ ಮಂಜುನಾಥರ ದಾಖಲೆಯಲ್ಲಿ ಇರುವ ಒಂದೇ ಒಂದು ಸುಳ್ಳು ಆ ಗೆದ್ದಲು. ಅದನ್ನೂ ಇವತ್ತು ತೆಗೆದುಬಿಟ್ಟೆ. ಮಂಜ, ತಲೆ ಎತ್ತೋ. ಹಾರ ಬಾಡುತ್ತೆ.

ಐದು ನಿಮಿಷ ಮುಗಿದು ಬಹಳ ಹೊತ್ತಾಗಿದೆ, ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಕರೆದು ಮಾತಾಡಿಸಿದ ಸಂಘಕ್ಕೆ, ನನ್ನ ಪತ್ರವನ್ನು ಯಾರಿಗೂ ತೋರಿಸದೆ ಇಟ್ಟುಕೊಂಡ ಮೇಡಂ ಅವರಿಗೆ, ಹೆಸರು ಹೇಳದ ಆ ಪರಿಶೀಲಕರಿಗೆ, ಅವರು ಎಲ್ಲಿದ್ದರೂ, ನನ್ನ ವಂದನೆ.

ನಿನ್ನೆ ಸಂಜೆ ಈ ವರ್ಷದ ಹೂಮಳೆ ಬಂತು. ಇವತ್ತು ಬೆಳಗ್ಗೆ ಎಂಟಕ್ಕೆ ಡಬ್ಬ ನೋಡಿದೆ. ನಮ್ಮ ತೋಟದಲ್ಲಿ ತೊಂಬತ್ನಾಲ್ಕು ಸೆಂಟ್. ಇನ್ನೂ ಆರು ಇದ್ದರೆ ಇಂಚಾಗುತ್ತಿತ್ತು. ತೊಂಬತ್ನಾಲ್ಕೇ ಬರೆದಿದ್ದೇನೆ. ಮಂಜನ ಫೋನ್ ಎರಡು ಸಲ ಬಂತು, ಎತ್ತಲಿಲ್ಲ. ಅವನದು ಎಷ್ಟು ಎಂದು ನನಗೆ ಇನ್ನೂ ಗೊತ್ತಿಲ್ಲ. ಕಡಿಮೆ ಇದ್ದರೆ ಸಂತೋಷ.

ನಮಸ್ಕಾರ.