ಹೆಸರು ಹಿಡಿದು ಕರೆದ ದಿನ

ಬಸ್ಸಿಗೆ ಕಾಯುತ್ತಿದ್ದ ಬೀಗ ರಿಪೇರಿಯವನ ಕಿವಿಗೆ ಪಕ್ಕದ ಅಕ್ಕತಂಗಿಯರ ಮಾತು ಬಿತ್ತು. ಇಬ್ಬರ ಮೈಮೇಲೂ ಹೊಲಿಗೆ ಕಾರ್ಖಾನೆಯ ನೂಲಿನ ಚೂರುಗಳಿದ್ದವು.

“ನಿನ್ನೆ ಓದುಕೂಟದಲ್ಲಿ ಏನಕ್ಕಾ ವಿಷಯ?”

“ಹಳೇ ಗ್ರೀಕರ ಭಾಷೆ ಕಣೇ. ಅದರಲ್ಲಿ ಮನುಷ್ಯರ ಹೆಸರಿನ ಬಾಲವೇ ಬದಲಾಗುತ್ತಂತೆ. ದುಡಿದರೆ ಒಂದು ರೂಪ, ಒದೆ ತಿಂದರೆ ಇನ್ನೊಂದು, ಕರೆದರೆ ಮತ್ತೊಂದು.”

“ನಿಂಗೆ ಮೂರಕ್ಕೂ ಒಂದೇ: ‘ಏಯ್, ಹದಿನೇಳನೇ ಮಷೀನು!’”

“ಅದಕ್ಕೇ ಇವತ್ತು ಸೂಪರ್‌ವೈಸರ್ ಹಾಗೆ ಕೂಗಿದಾಗ ನಾನು ತಲೆ ಎತ್ತಲೇ ಇಲ್ಲ.”

“ಅಯ್ಯೋ, ಕೆಲಸದಿಂದ ಕಿತ್ತುಹಾಕಿದ್ರೆ?”

“ಯಾರ್‍ಯಾರನ್ನ ಕೀಳ್ತಾನೆ? ಯಾರ ನಂಬರ್ ಕೂಗಿದ್ರೂ ನಮ್ಮ ಇಡೀ ಸಾಲೇ ತಲೆ ಎತ್ತಲಿಲ್ಲ! ಗಂಟಲು ಹರ್ಕೊಂಡು ಸಾಕಾಗಿ, ಕೊನೆಗೆ ನನ್ನ ಹೆಸರು ಹಿಡಿದು, ‘ಅವರೇ’ ಅಂತಲೂ ಸೇರಿಸಿ ಕರೆದ.”

“ನೀನೇನಂದೆ?”

ಬಸ್ಸು ಬಂತು. ಅಕ್ಕ ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿದಳು.

“‘ಸರಿಯಾಗಿ ಕೇಳಿಸಲಿಲ್ಲ ಸಾರ್, ಇನ್ನೊಂದು ಸಲ ಕರೀರಿ’ ಅಂದೆ!”