ಒಂದು ಕೈ ಕಮ್ಮಿ ಬಿದ್ದ ಭಾನುವಾರ

ಹಲೋ... ಹಲೋ, ಯಾರು ಮಾತಾಡ್ತಿರೋದು? ಮುರಿಗೆಪ್ಪನವರಾ?... ಹಾಂ, ನಾನು ಗೋಪಿನಾಥ್. ಇಲ್ಲಿನ ಕನ್ನಡಿಗರ ಹೊಂಬೆಳಕು ಬಳಗದ ಸೆಕ್ರೆಟರಿ. ಶಿಫ್ಟ್ ಮುಗೀತಾ?

... ಊಟ ಆಯ್ತಾ?... ನಂದಾ? ಇಲ್ಲ, ಸೇರ್ತಿಲ್ಲ. ಇನ್ನೂ ಸಭೆ ನಡೆದ ಜುರಾಂಗ್ ಈಸ್ಟಲ್ಲೇ ಇದ್ದೀನಿ. ಎಲ್ಲ ಹೊರಟೋದ್ರು. ನಾನೊಬ್ನೇ ಫ್ಲಾಟ್‌ಗಳ ಕೆಳಗೆ ವಾಯ್ಡ್ ಡೆಕ್‌ನಲ್ಲಿ ಕೂತಿದ್ದೀನಿ.

... ಹಾಂ, ಸಭೆ ಮುಗೀತು. ನಮ್ಮ ಬಳಗದ ಹೊಸ ಕಾನ್‌ಸ್ಟಿಟ್ಯೂಷನ್ ಪಾಸ್ ಆಯ್ತು. ... ಅಯ್ಯೋ, ಕಂಗ್ರಾಟ್ಸ್ ಹೇಳ್ಬೇಡಿ ರೀ. ಮೊದ್ಲು ಪೂರ್ತಿ ಕೇಳಿ.

... ಹೌದು, ಅದು ಬಂತು. ಇನ್ಮೇಲೆ ಒಬ್ರೇ ಎರಡು ಸಲಕ್ಕಿಂತ ಜಾಸ್ತಿ ಪ್ರೆಸಿಡೆಂಟ್ ಆಗೋ ಹಾಗಿಲ್ಲ. ಹದಿನಾಲ್ಕು ವರ್ಷ ಕೂತಿದ್ದ ಬದರೀನಾಥ ಅಂಕಲ್ ಇಳೀತಾರೆ. ನಮಗೆ ಬೇಕಾಗಿದ್ದು ಆ ಒಂದು ಸಾಲು ತಾನೇ, ಅಲ್ವಾ?

... ಅದೇ ಹೇಳ್ತಿದ್ದೀನಿ. ಅದೊಂದನ್ನೇ ತಿದ್ದಿದ್ರೆ ಸಾಕಿತ್ತು. ಕಮಿಟಿ ಯಾಕೆ, ಜನಾನೇ ಬರೀಲಿ, ಇಡೀ ನಿಯಮದ ಪುಸ್ತಕ ಸಭೆ ಮುಂದೆ ಇಡೋಣ ಅಂತ ವಾಟ್ಸಾಪ್‌ನಲ್ಲಿ ಕುಣಿದೋನು ನಾನು. ಬಾಗಿಲು ತೆಗೆದ್ಮೇಲೆ ಯಾರು ಒಳಗೆ ಬರ್ತಾರೋ ನಿನ್ ಕೈಲಿರಲ್ಲಪ್ಪ ಅಂತ ಬದರೀನಾಥ ಅಂಕಲ್ ಅವತ್ತೇ ಅಂದ್ರು. ಕುರ್ಚಿ ಆಸೆಗೆ ಹಾಗಂತಾರೆ ಅಂದ್ಕೊಂಡೆ.

... ಯಾರಾ? ಪುಂಗೋಲ್ ಕಡೆ ಹೊಸ ಮೆಂಬರ್‌ಗಳು, ಆಫೀಸ್ ಕೆಲಸದೋರು. ಬಸ್ ಮಾಡ್ಕೊಂಡು ಬಂದಿದ್ರು. ನಿಮ್ಮೋರು ಒಬ್ರೂ ಇರ್ಲಿಲ್ಲ. ಭಾನುವಾರ ಬೆಳಿಗ್ಗೆ ಶಿಪ್‌ಯಾರ್ಡ್‌ನಲ್ಲಿ ಓವರ್‌ಟೈಮ್ ಇರುತ್ತೆ ಅಂತ ನಂಗೆ ಹೊಳೀಲೇ ಇಲ್ಲ ರೀ. ಹತ್ತು ಗಂಟೆಗೆ ಹಾಲ್ ಖಾಲಿ ಇತ್ತು, ಬುಕ್ ಮಾಡ್ಬಿಟ್ಟೆ. ... ಇಲ್ಲ ಇಲ್ಲ, ಒಂದ್ಮಾತು ಕೇಳ್ಬೇಕಿತ್ತು. ತಪ್ಪು ನಂದೇ.

... ಏನಾಯ್ತು ಅಂದ್ರೆ... ಮೆಂಬರ್‌ಶಿಪ್ ನಿಯಮಾನೂ ಬದಲಾಯಿಸ್ಬಿಟ್ರು. ಇಲ್ಲಿನ ಸಿಟಿಜನ್, ಪಿಆರ್ ಸಿಕ್ಕಿ ಖಾಯಂ ಇರೋರು, ಆಫೀಸ್ ಕೆಲಸದ ಪಾಸ್ ಇರೋರು, ಅಷ್ಟೇ. ನಿಮ್ಮ ಥರ ವರ್ಕ್ ಪರ್ಮಿಟ್‌ನವರು ಕಾರ್ಯಕ್ರಮಕ್ಕೆ ಬರಬಹುದಂತೆ. ಅತಿಥಿಗಳಾಗಿ. ಓಟು ಇಲ್ಲ.

... ಹಾಂ. ನಿಮ್ಮ ನಾಮಿನೇಷನ್ನೂ ನಿಲ್ಲಲ್ಲ.

... ಗೊತ್ತು ರೀ. ಡಾರ್ಮಿಟರಿಗೆ ಬಂದು ಫಾರ್ಮ್ ತುಂಬಿಸಿದ್ದು ನಾನೇ. ಈ ಸಲ ಕಮಿಟೀಲಿ ನಿಮ್ಮೋರೊಬ್ರು ಇರ್ಲೇಬೇಕು ಅಂದಿದ್ದೂ ನಾನೇ. ಊರಲ್ಲಿ ನಿಮ್ಮ ತಾಯಿಗೂ ಹೇಳ್ಬಿಟ್ಟಿದ್ರಿ, ಅಲ್ವಾ?... ಓಣಿಗೆಲ್ಲ ಪೇಡೆ ಹಂಚಿದ್ರಾ? ಥೂ, ನನ್ನ...

... ಸುಮ್ನಿರ್ಲಿಲ್ಲ ರೀ! ಎದ್ದು ನಿಂತು ಹೇಳ್ದೆ. ಎಂಟು ವರ್ಷದಿಂದ ನಮ್ಮ ಗಣಪತಿಗೆ ಪೆಂಡಾಲ್ ಕಟ್ತಿರೋರು ಇವ್ರು, ಆ ನಿಯಮ ಬೇರೆ ಇಡಿ ಅಂದೆ. ಬಿಡಿಬಿಡಿಯಾಗಿ ಓಟು ಹಾಕಕ್ಕೆ ಟೈಮಿಲ್ಲ, ಎರಡು ಗಂಟೆಗೆ ಹಾಲ್ ಬಿಡಬೇಕು, ಒಪ್ಪಿದ್ರೆ ಎಲ್ಲಾನೂ ಒಪ್ಪಿ, ಇಲ್ಲಾಂದ್ರೆ ಎಲ್ಲಾನೂ ಬಿಡಿ ಅಂದ್ರು ಅವ್ರು. ಬಿಟ್ಟಿದ್ರೆ ನಮ್ಮ ಸಾಲೂ ಹೋಗ್ತಿತ್ತಲ್ಲ ಮುರಿಗೆಪ್ಪನವರೇ...

... ಏನು?... ನಾನು ಯಾವ ಕಡೆನಾ?

... ಪಾಸ್ ಆಗಕ್ಕೆ ಮೂರರಲ್ಲಿ ಎರಡು ಪಾಲು ಓಟು ಬೇಕಿತ್ತು. ಎಣಿಸಿದ್ರು. ಒಂದು ಕೈ ಕಮ್ಮಿ ಇತ್ತು.

... ಹೌದು. ನಾನೇ ಎತ್ತಿದೆ.

... ಹಲೋ? ಮುರಿಗೆಪ್ಪನವರೇ, ಬೈದ್ಬಿಡಿ ರೀ, ನಾಲ್ಕು ಮಾತು ಬೈದ್ಬಿಡಿ... ಹಲೋ... ಹಲೋ...